ಹುಳದ ಮನೆಯ ಡಾಕ್ಟರು

ರೋಗಿಯನ್ನು ನೋಡಲು ಹೋಗಿ, ಡಾಕ್ಟರ ಕೈಲಿ ಬೈಸಿಕೊಂಡು ಬಾಗಿಲಿಂದಲೇ ವಾಪಸ್ಸು ಬಂದಿದ್ದೀರಾ? ನಾವು ಬಂದಿದ್ದೇವೆ. ಹದಿನೇಳು ಜನ, ಒಂದು ಟೆಂಪೋ ತುಂಬ!

ಬೈದವನು ನನ್ನ ದೊಡ್ಡಮ್ಮನ ಮಗ. ನನಗಿಂತ ಆರೇ ತಿಂಗಳು ದೊಡ್ಡವನು. ರಕ್ತದ ಕ್ಯಾನ್ಸರ್ ತಜ್ಞ. ನಮ್ಮ ವಂಶದಲ್ಲಿ ಇಷ್ಟು ಓದಿದವನು ಇವನೊಬ್ಬನೇ, ಇಷ್ಟು ಒರಟನೂ ಇವನೊಬ್ಬನೇ. ಹುಟ್ಟಿದ್ದು ದಿಬ್ಬೂರಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಆ ಹುಳು ಇನ್ನೂ ತಲೆಯಿಂದ ಇಳಿದಿಲ್ಲ!

ನಮ್ಮಮ್ಮನಿಗೆ ಅದೇ ಕಾಯಿಲೆ ಬಂದು, ಅವಳು ಇವನ ಕೈಗೇ ಸಿಕ್ಕಿದಳು. ಮೊದಲ ದಿನವೇ ಪಾಠ.

"ಚಿಕ್ಕಮ್ಮ, ಔಷಧಿ ಕೊಟ್ಮೇಲೆ ನಿನ್ ಬಿಳಿ ರಕ್ತಕಣ ಬಿದ್ದೋಗ್ತವೆ. ಹುಳ ಜ್ವರಕ್ಕೆ ಕೂತಂಗೆ ಅನ್ಕೋ. ಅವು ಏಳೋವರ್ಗೂ ಸೋಂಕು ತಗಲ್ಬಾರ್ದು, ಯಾರೂ ಒಳಕ್ಕೆ ಬರಂಗಿಲ್ಲ."

ಪೊರೆ ಕಳಚುವ ಮುನ್ನ ರೇಷ್ಮೆ ಹುಳು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಎದ್ದರೆ ಬೆಳೆ, ಏಳದಿದ್ದರೆ ತಿಪ್ಪೆ. ಮೂವತ್ತು ವರ್ಷ ಹುಳು ಸಾಕಿದ ಅಮ್ಮ, "ಏಳ್ದಿದ್ರೆ?" ಅಂದಳು. ಅವನು ಮುಂದಿನ ಪಾಠ ತೆಗೆದ.

ಇದರ ಮೇಲೆ ಇವನ ಸಂಶೋಧನೆ ಬೇರೆ! ಹೊಸ ಔಷಧಿಯನ್ನು ಹಳೆಯದರ ಜೊತೆ ಹೋಲಿಸಿ ನೋಡುತ್ತಿದ್ದನಂತೆ. ಇದಕ್ಕೆ ಸೇರುವುದು ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಮೂರು ಸಲ ವಿವರಿಸಿ, ಮಗ್ಗಿ ಕೇಳುವ ಮೇಷ್ಟ್ರ ಹಾಗೆ ಅಮ್ಮನ ಬಾಯಲ್ಲೂ ಒಪ್ಪಿಸಿಕೊಂಡ.

"ನೀನೇ ನೋಡಿ ಒಳ್ಳೇದು ಹಾಕಪ್ಪ."

"ಯಾವ್ದು ಒಳ್ಳೇದು ಅಂತ ಗೊತ್ತಿದ್ರೆ ಇದೆಲ್ಲ ಯಾಕೆ ಮಾಡ್ತಿದ್ದೆ? ಯಾರಿಗೆ ಯಾವ್ದು ಅಂತ ಕಂಪ್ಯೂಟರೇ ಚೀಟಿ ಎತ್ತುತ್ತೆ."

"ಚೀಟಿ ಎತ್ತಕ್ಕೆ ಇಷ್ಟು ವರ್ಷ ಓದಿದ್ಯೇನಪ್ಪ?"

ಅಮ್ಮನ ರಕ್ತಕಣ ಬಿದ್ದ ವಾರವೇ ಮಂಚೇನಹಳ್ಳಿಯ ನಮ್ಮ ಸೋದರಮಾವ ಟೆಂಪೋ ಹೊರಡಿಸಿದ. ದ್ರಾಕ್ಷಿ, ಸೇವಂತಿಗೆ, ಕೈವಾರದ ಪ್ರಸಾದ, ಜೊತೆಗೆ ನಾವು. ವಾರ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದ ನಮ್ಮ ಡಾಕ್ಟರು!

"ಮಾವ, ನಿನ್ ಹುಳದ ಮನೆಗೆ ಹದಿನೇಳು ಜನ ಹಿಂಗೇ ನುಗ್ಗಿದ್ರೆ ಬಿಡ್ತಿದ್ಯಾ?"

"ಏಮಪ್ಪಾ ಡಾಕ್ಟ್ರೇ, ಹುಳನೂ ನಮ್ಮಕ್ಕನೂ ಒಂದೇನಾ?"

"ಹುಳಕ್ಕೆ ಕೊಡೋ ಮರ್ಯಾದೆ ಅಕ್ಕಂಗೂ ಕೊಡು ಅಂತಿರೋದು!"

ಮುನಿಸಿಕೊಂಡ ಮಾವ ದಾರಿಯುದ್ದಕ್ಕೂ ಅಕ್ಕನ ದ್ರಾಕ್ಷಿಯನ್ನು ತಾನೇ ತಿಂದು ಮುಗಿಸಿದ.

ಆಮೇಲೆ ಅಮ್ಮನಿಗೆ ಸೋಂಕು ಹತ್ತಿತು. ತಲೆ ಎತ್ತಲೂ ಆಗದ ಸ್ಥಿತಿ. ನಾಲ್ಕು ದಿನ ಈ ಮಹಾಶಯ ಒಳಗೆ ಕಾಲೇ ಇಡಲಿಲ್ಲ! ಜೂನಿಯರ್ ಡಾಕ್ಟರನ್ನು ಒಳಗೆ ಕಳಿಸಿ, ತಾನು ಗಾಜಿನ ಬಾಗಿಲಾಚೆ ನಿಂತು ಫೋನಿನಲ್ಲಿ ಒಂದೊಂದೂ ಹೇಳಿ ಮಾಡಿಸುತ್ತಿದ್ದ. ಅಲ್ಲೇ ಹೊರಗೆ ಕಾಯುತ್ತಿದ್ದ ನನಗೆ ಉರಿದುಹೋಯಿತು.

"ನೀನೂ ಒಳಗೆ ಹೋಗಲ್ವೇನೋ?"

"ನೆಗಡಿ ಕಣೇ," ಅಂತ ಮೂಗು ಒರೆಸಿಕೊಂಡ. ಒಳಗಿಂದ ಅಮ್ಮ ಬೆರಳು ಎತ್ತಿ, ಮೆಣಸಿನ ಕಷಾಯ ಕುಡಿ ಅಂತ ಅವನಿಗೇ ಸನ್ನೆ ಮಾಡುತ್ತಿದ್ದಳು!

ಐದನೇ ದಿನ ರಿಪೋರ್ಟ್ ಹಿಡಿದು ಓಡಿಬಂದ. ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಒಂದೇ ಪದ ಬರೆದು ಗಾಜಿಗೆ ಒತ್ತಿ ಹಿಡಿದ: "ಎದ್ದವು."

ಅಮ್ಮ ಓದಿ ಕೈ ಮುಗಿದಳು. ಹದಿನೇಳು ಜನರನ್ನು ಗದರಿಸಿ ಓಡಿಸಿದವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಏನೋ ಇದು?" ಅಂದೆ.

"ನೆಗಡಿ ಕಣೇ."

ನಿಮ್ಮನ್ನೂ ಬಾಗಿಲಲ್ಲಿ ತಡೆದು ಒಳಗಿದ್ದವರನ್ನು ಉಳಿಸಿಕೊಟ್ಟ ಒರಟರಿದ್ದರೆ ಕೆಳಗೆ ಬರೆಯಿರಿ. ನಮ್ಮ ಮಾವನಿಗೆ ಓದಿ ಹೇಳಬೇಕು, ಇನ್ನೂ ಮುನಿಸು ಬಿಟ್ಟಿಲ್ಲ.