ನೀಲಜ್ವಾಲನ ಗುಟ್ಟಿನ ಹೆಸರು

ಟಾಮಿ, ಜಿಮ್ಮಿ, ರಾಜ! ಇಂಥ ಸವಕಲು ಹೆಸರುಗಳಿಗೆ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ ಎಂದು, ಹೆಂಡತಿ ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿ ತಂದ ದಿನವೇ ಘೋಷಿಸಿಬಿಟ್ಟೆ. ಘೋಷಿಸುವುದೇ ನನ್ನ ಕಸುಬು. ರೈಲು ನಿಲ್ದಾಣದ ಮೈಕಿನಲ್ಲಿ ಕೇಳಿಸುವ ಗಂಭೀರ ಕಂಠ ನನ್ನದೇ. ಆದರೆ ಒಂದು ಗಾಡಿ ಹೋಗಿ ಇನ್ನೊಂದು ಬರುವ ತನಕ ನಾನು ಇರುವುದು ಬೇರೆ ಲೋಕದಲ್ಲಿ. ಅಲ್ಲಿ ಮೋಡದ ಮೇಲೆ ಕೋಟೆ, ಕೋಟೆಯ ಮೇಲೆ ನೀಲಿ ಬೆಂಕಿ ಉಗುಳುವ ಒಂದು ಡ್ರ್ಯಾಗನ್. ಅದರ ಹೆಸರನ್ನೇ ಮರಿಗೆ ದಯಪಾಲಿಸಿದೆ: ಮೇಘದುರ್ಗಾಧಿಪತಿ ನೀಲಜ್ವಾಲ!

ಆ ಲೋಕದಲ್ಲಿ ಒಂದು ಕಟ್ಟಳೆಯಿದೆ. ನಿಜವಾದ ಹೆಸರು ಯಾರಿಗೆ ಗೊತ್ತಾಗುತ್ತದೋ, ಡ್ರ್ಯಾಗನ್ ಅವರ ವಶ. ಹಾಗಾಗಿ ದಿನಾ ಸಂಜೆ, ಆಕಾಶ ನೇರಳೆಗೆ ತಿರುಗುವ ಹೊತ್ತಿಗೆ, ಮಹಡಿಯ ಮೇಲೆ ಕೂತು ಹೆಸರನ್ನು ಮರಿಯ ಕಿವಿಯಲ್ಲಷ್ಟೇ ಪಿಸುಗುಟ್ಟುತ್ತಿದ್ದೆ. ಅದು ಕಣ್ಣು ಅರೆಮುಚ್ಚಿ ಎಲ್ಲಿಗೋ ತೇಲಿಹೋಗುತ್ತಿತ್ತು. ಜೊತೆಗೆ ನಾನೂ. ಹೆಸರೇನು ಎಂದು ಹೆಂಡತಿ ಕೇಳಿದರೆ, ಗುಟ್ಟು ಎಂದೆ.

“ಗುಟ್ಟಂತೆ, ಬದನೆಕಾಯಿ,” ಎಂದು ಅವಳು ಒಳಗೆ ಹೋದಳು.

ಒಂದು ಸಂಜೆ ಕೋಟೆಯ ಗುಂಗಿನಲ್ಲಿ ಗೇಟಿನ ಚಿಲಕ ಹಾಕುವುದನ್ನು ಮರೆತೆ. ಬೀದಿಯಲ್ಲಿ ಲಾರಿಯ ಟೈರು ಢಮ್ಮೆಂದಿತು. ನೋಡಿದರೆ ಗೇಟು ತೆರೆದಿದೆ, ಮರಿ ಇಲ್ಲ. ಹೆಂಡತಿ ಬೀದಿಯತ್ತ ಕೈ ತೋರಿಸಿದಳು.

“ಅದು ಸಿಗದೆ ಮನೆಗೆ ಬರಬೇಡಿ.”

ಗುಟ್ಟು ಹಾಳಾಗಿ ಹೋಗಲಿ ಎಂದು ಗಂಟಲು ಬಿಚ್ಚಿದೆ. “ಮೇಘದುರ್ಗಾಧಿಪತಿ ನೀಲಜ್ವಾಲಾ!” ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ನಾಟಕ ಎಷ್ಟು ಹೊತ್ತಿಗೆ ಶುರು ಎಂದು ದರ್ಜಿ ಕೇಳಿದ. ಮರಿಯ ಸುಳಿವಿಲ್ಲ. ಪಾಳಿ ಇಲ್ಲದಿದ್ದರೂ ನಿಲ್ದಾಣಕ್ಕೆ ಓಡಿ ಮೈಕ್ ಹಿಡಿದೆ. ಮೇಘದುರ್ಗಾಧಿಪತಿಗಳು ಎಲ್ಲಿದ್ದರೂ ಕೂಡಲೇ ಬರಬೇಕೆಂದು ಊರಿಗೆಲ್ಲ ಕೇಳುವಂತೆ ಮತ್ತೆ ಮತ್ತೆ ಕೂಗಿದೆ. ಯಾರೋ ದೊಡ್ಡವರು ಬರುತ್ತಿದ್ದಾರೆಂದು ನಮ್ಮ ಸ್ಟೇಷನ್ ಮಾಸ್ಟರು ಕೋಟಿನ ಗುಂಡಿ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಸೆಟೆದು ನಿಂತರು. ಬರುವುದು ನಾಯಿಮರಿ ಎಂದು ವಿವರಿಸುವಷ್ಟರಲ್ಲಿ ನನ್ನ ಕಂಠ ಕೈಕೊಟ್ಟಿತು.

ಬರಿಗೈಯಲ್ಲಿ, ಬರಿಗಂಟಲಲ್ಲಿ ಮನೆಗೆ ಬಂದೆ. ಹೆಂಡತಿ ಮೆಟ್ಟಿಲ ಕೆಳಗಿನ ಕತ್ತಲೆಗೆ ಬೊಟ್ಟು ಮಾಡಿದಳು. ಮರಿ ಗೇಟು ದಾಟಿಯೇ ಇರಲಿಲ್ಲ! ಹಳೇ ಡ್ರಮ್ಮಿನ ಹಿಂದೆ ಅಡಗಿ ನಡುಗುತ್ತಿತ್ತು. ಸ್ಟೇಷನ್ನಿನ ಮೈಕು ಒಂದೊಂದು ಸಲ ಗುಡುಗಿದಾಗಲೂ ಇನ್ನಷ್ಟು ಒಳಗೆ ಸರಿಯುತ್ತಿತ್ತಂತೆ.

ನಾನು ಮೊಣಕಾಲೂರಿದೆ. ಉಳಿದಿದ್ದ ಉಸಿರಿನಲ್ಲಿ ಪಿಸುಗುಟ್ಟಿದೆ: “ನೀಲಜ್ವಾಲ...” ಕತ್ತಲೆಯಲ್ಲಿ ಎರಡು ಕಣ್ಣು ಹೊಳೆದವು. ಮರಿ ತೆವಳಿಕೊಂಡು ಬಂದು ನನ್ನ ಅಂಗೈಗೆ ಮೂತಿ ಇಟ್ಟಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತೆ. ಆಮೇಲೆ ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿ, ಹೆಸರಿನ ಮಹಿಮೆ ಕಂಡೆಯಾ ಎಂದು ಸನ್ನೆ ಮಾಡಿದೆ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು, ಗಾಳಿಗಿಂತ ಮೆಲ್ಲಗೆ ಪಿಸುಗುಟ್ಟಿದಳು.

“ಬದನೆಕಾಯಿ...”

ಮೇಘದುರ್ಗಾಧಿಪತಿಗಳು ನನ್ನನ್ನು ದಾಟಿಕೊಂಡು ಹೋಗಿ, ಅವಳ ಮಡಿಲೇರಿ, ಕಣ್ಣು ಅರೆಮುಚ್ಚಿದರು.