ಸೋಫಾ ನೋಡಲು ಬಂದವರು ಸಿನಿಮಾ ನೋಡಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಅದರ ಪಾಡಿಗೆ ಅದು ನಡೆದ ಚರಿತ್ರೆಯೇ ಇಲ್ಲ. ಸತ್ಯನಾರಾಯಣ ಪೂಜೆ ಇಟ್ಟುಕೊಂಡ ದಿನವೇ ಎ.ಸಿ. ರಿಪೇರಿಯವನು ಬರುತ್ತಾನೆ. ಪ್ರಸಾದ ತಿಂದು, ಇನ್ನೊಂದಿಷ್ಟು ಕಟ್ಟಿಸಿಕೊಂಡು ಹೋಗುತ್ತಾನೆ. ಎ.ಸಿ. ಹಾಗೇ ಇರುತ್ತದೆ. ಅಂಥ ಮನೆಯಲ್ಲಿ, ಮಸ್ಕತ್‌ನ ಅಲ್ ಹೈಲ್‌ನಲ್ಲಿ ಕೂತು ಐರಿಷ್ ಭಾಷೆಯ ಸಿನಿಮಾ ನೋಡ್ತೀವಿ ಅಂದರೆ ಅದು ಸುಮ್ಮನೆ ಮುಗಿಯುತ್ತದೆಯೇ?

ಕಚ್ಚಾ ಎಣ್ಣೆ ಬೆಲೆ ಪಾತಾಳಕ್ಕೆ ಇಳಿದ ಕಾಲ ಅದು. ನಮ್ಮ ಯಜಮಾನರ ಆಫೀಸಿನಲ್ಲಿ ದಿನಕ್ಕೊಂದು ಕುರ್ಚಿ ಖಾಲಿ. ಇವರ ಕುರ್ಚಿಯೇನೋ ಉಳಿಯಿತು, ಫ್ಯಾಮಿಲಿ ಅಲೋವೆನ್ಸ್ ಹೋಯಿತು. ಒಂದು ದಿನ ಊಟಕ್ಕೆ ಕೂತವರು ತಟ್ಟೆ ನೋಡಿಕೊಂಡೇ, "ಶಾಲೆ ಮುಗಿದ ತಕ್ಷಣ ನೀನೂ ಮಗಳೂ ಮೈಸೂರಿಗೆ ಹೊರಡಿ. ನಾನು ವಾದಿ ಕಬೀರ್‌ನಲ್ಲಿ ಯಾರ ಜೊತೆಗಾದರೂ ರೂಮ್ ಶೇರ್ ಮಾಡ್ಕೋತೀನಿ" ಅಂದರು. ಕಣ್ಣೀರು ಹಾಕಿದೆ, ಜಗಳ ಆಡಿದೆ, ಮಾತು ಬಿಟ್ಟೆ. "ಎಲ್ಲಾ ಯೋಚನೆ ಮಾಡಿ ಆಗಿದೆ ಕಣೇ" ಅಂದರು. ಈ ಗಂಡಸರು "ಯೋಚನೆ ಮಾಡಿ ಆಗಿದೆ" ಅಂದರೆ ಮುಗಿಯಿತು, ಖಲಾಸ್.

ಮನೆ ಸಾಮಾನೆಲ್ಲ ಮಾರಬೇಕಲ್ಲ, ಮೊದಲು ಹೊರಟಿದ್ದು ಸೋಫಾ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಇವರು ಫೋಟೋ ಹಾಕಿದ ಕೂಡಲೇ ಹಿಂದಿನ ರಸ್ತೆಯ ಅಕೌಂಟೆಂಟರು "ನನಗೇ" ಅಂದುಬಿಟ್ಟರು. ಶುಕ್ರವಾರ ಬಂದು ನೋಡ್ತೀನಿ ಅಂತಲೂ ಹೇಳಿದರು. ಅದೇ ಶುಕ್ರವಾರ ಸಿನಿಮಾ ನಮ್ಮ ಮನೆಯಲ್ಲಿತ್ತು.

ಎಲ್ಲರೂ ಮಗಳನ್ನು ನೋಡಿದ್ದು

ಖರ್ಚು ಉಳಿಸೋಕೆ ನಾವೆಲ್ಲ ಥಿಯೇಟರ್ ಬಿಟ್ಟು, ಶುಕ್ರವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡ್ತಿದ್ದೆವು. ಪೆನ್‌ಡ್ರೈವ್ ತರುವವರು ಬೆಂಗಳೂರಿನ ಒಬ್ಬ ಸಿವಿಲ್ ಎಂಜಿನಿಯರು. ಹೊರದೇಶದ ಸಿನಿಮಾ ಅಂದರೆ ಪ್ರಾಣ. ನಾವು ಅವರಿಗೆ ಇಟ್ಟ ಹೆಸರು ಪಂಡಿತರು. ಅವರ ಹೆಂಡತಿ ಮಕ್ಕಳು ಹಿಂದಿನ ಬೇಸಿಗೆಯಲ್ಲೇ ಊರಿಗೆ ಹೋಗಿದ್ದರು.

"ಇವತ್ತಿನದು ಐರಿಷ್ ಭಾಷೆಯ ಸಿನಿಮಾ, ಬಾಲ್ಯದ ಬಗ್ಗೆ" ಅಂದರು ಪಂಡಿತರು.

"ಐರ್ಲೆಂಡಿನವರದ್ದು ಇಂಗ್ಲಿಷೇ ಅಲ್ವೇನ್ರೀ? ನಮ್ಮ ಐರಿಷ್ ಬಾಸು ನನ್ನನ್ನ ಬೈಯೋದೆಲ್ಲ ಇಂಗ್ಲಿಷಲ್ಲೇ" ಅಂದರು ಅಕೌಂಟೆಂಟರು.

"ಅವರಿಗೂ ಒಂದು ಸ್ವಂತ ಭಾಷೆ ಇದೆ ಸಾರ್. ಈಗ ಮನೆಯಲ್ಲಿ ಅದನ್ನ ಆಡೋರು ಕಮ್ಮಿ. ದೊಡ್ಡವರು ಅದರಲ್ಲಿ ಕೇಳ್ತಾರೆ, ಮಕ್ಕಳು ಇಂಗ್ಲಿಷಲ್ಲಿ ಉತ್ತರ ಕೊಡ್ತವೆ."

"ಪಾಪ, ನಮ್ಮ ಬ್ಯಾರಿ ಭಾಷೆಯ ಹಾಗೇ ಅಲ್ವಾ ಮಾರಾಯ್ರೆ" ಅಂದರು ಕಾಕಾ. ಕಾಕಾ ಅಂದರೆ ಪುತ್ತೂರು ಕಡೆಯವರು, ನಮ್ಮ ಬೀದಿ ತಿರುವಿನಲ್ಲಿ ಅವರ ದಿನಸಿ ಅಂಗಡಿ. ಜುಮ್ಮಾ ನಮಾಜು ಮುಗಿಸಿ, ಸಂಜೆ ಅಂಗಡಿ ತೆಗೆಯುವವರೆಗೆ ನಮ್ಮಲ್ಲೇ.

ಎಲ್ಲರೂ ಒಟ್ಟಿಗೆ ತಿರುಗಿ, ಎರಡನೇ ಕ್ಲಾಸಿನ ನನ್ನ ಮಗಳನ್ನು ನೋಡಿದರು.

ಅವಳು ಚಿಪ್ಸ್ ತಿನ್ನೋದು ನಿಲ್ಲಿಸಿ, "ವಾಟ್? ವೈ ಆರ್ ಯು ಆಲ್ ಲುಕಿಂಗ್ ಅಟ್ ಮಿ?" ಅಂದಳು.

ಮೌನದ ಮೇಲೆ ಭಾಷಣ

ಪಂಡಿತರು ಶುರುವಿಗೆ ಮೊದಲು ಎರಡು ಮಾತು ಆಡ್ತೀನಿ ಅಂತ ನಿಂತರು. ಈ ಸಿನಿಮಾದಲ್ಲಿ ಮೌನವೇ ಮುಖ್ಯ, ನಿರ್ದೇಶಕರು ಮೌನವನ್ನು ದುಡಿಸಿಕೊಂಡಿದ್ದಾರೆ, ಮೌನದಲ್ಲೂ ಹಲವು ಬಗೆ ಇದೆ ಅಂತ ಹೇಳುತ್ತಲೇ ಹೋದರು. ಬಿಸಿಬೇಳೆಬಾತ್ ಬಡಿಸಿ, ತಿಂದು, ತಟ್ಟೆ ತೊಳೆದು ಬಂದರೂ ಇನ್ನೂ ಮೌನ ಮುಗಿದಿರಲಿಲ್ಲ.

ನಮ್ಮ ಅತ್ತೆ ಆಗ ಇಲ್ಲೇ ಇದ್ದರು. ವಿಸಿಟ್ ವೀಸಾ ಮೊದಲೇ ಆಗಿತ್ತು. ಮೊಮ್ಮಗಳ ಜೊತೆ ಆಡೋಕೆ ಅಂತ ಬಂದವರು ಸಾಮಾನು ಕಟ್ಟೋಕೆ ನಿಂತಿದ್ದರು. ಅವರು ನನ್ನ ಕಡೆ ಬಾಗಿ, ಇಡೀ ಹಾಲಿಗೆ ಕೇಳುವಷ್ಟು ಮೆತ್ತಗೆ ಹೇಳಿದರು: "ಮೌನ ಅಷ್ಟು ಚೆನ್ನಾಗಿದ್ರೆ ಈ ಮಹಾನುಭಾವರೂ ಸ್ವಲ್ಪ ಇಟ್ಕೋಬಾರದಾ?"

ಕೋಳಿ ಕಂಡರೂ ಕಣ್ಣೀರು

ಅಕೌಂಟೆಂಟರು ಬಂದವರೇ ಸೋಫಾದ ಎಡತುದಿ ಹಿಡಿದರು. ಹೊರಗಡೆ ಕಾಣದಿದ್ದರೂ ಆ ಕಡೆಯ ಸ್ಪ್ರಿಂಗ್ ಸರಿಯಿಲ್ಲ. ನಾವು ಯಾರೂ ಅಲ್ಲಿ ಕೂರುವುದಿಲ್ಲ. ನಮ್ಮ ಯಜಮಾನರು ಪಾಪ, ಪ್ರಾಮಾಣಿಕ ಮನುಷ್ಯ. ಬಾಗಿ, "ಸಾರ್, ಆ ಎಡಗಡೆ ಒಂದು ವಿಷಯ..." ಅನ್ನುವಷ್ಟರಲ್ಲಿ ಅಕೌಂಟೆಂಟರು "ಶ್! ಸಿನಿಮಾ" ಅಂದರು.

ಕಥೆ ಇಷ್ಟೇ. ಸಮುದ್ರದ ಪಕ್ಕ ಒಂದು ಹಳ್ಳಿ. ಒಬ್ಬಳು ಪುಟ್ಟ ಹುಡುಗಿ, ಅವಳಮ್ಮ, ನಾಲ್ಕು ಕೋಳಿ. ಅಪ್ಪ ಎಲ್ಲೋ ಹೊರದೇಶದಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದಾನೆ. ಅವನ ಹಳೇ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ.

ಹುಡುಗಿ ಕೋಳಿಗೆ ಕಾಳು ಹಾಕುವಾಗಲೇ ಅಕೌಂಟೆಂಟರ ಕಣ್ಣಲ್ಲಿ ನೀರು. ಅಮ್ಮ ಬಟ್ಟೆ ಒಣಗಿಸುವಾಗ ಮೂಗು ಸೊರಸೊರ. ದೋಣಿ ಸುಮ್ಮನೆ ಅಲ್ಲಾಡಿದ್ದಕ್ಕೆ "ಅಯ್ಯೋ ದೇವರೇ" ಅಂತ ಎದ್ದು ಕೂತರು. ಸೂಕ್ಷ್ಮ ಮನಸ್ಸು ಅಂದುಕೊಂಡೆ.

ಅತ್ತೆಗೆ ಆಶ್ಚರ್ಯ. "ಇನ್ನೂ ಏನೂ ಆಗಿಲ್ವಲ್ರೀ, ಕೋಳಿಗೆ ಊಟ ಹಾಕಿದ್ದಕ್ಕೆ ಹೀಗತ್ತರೆ ಕೊನೇಗೆ ಇವರನ್ನ ಹಿಡಿಯೋರು ಯಾರು?"

ಸಾವಿಲ್ಲದ ಮನೆಗೆ ಖರ್ಜೂರ

ಆಮೇಲೆ ನಿಜವಾಗಿ ಅಳು ಬರುವ ಜಾಗ ಬಂತು. ಆ ಮಗು ದಿನಾ ಸಂಜೆ ಅಪ್ಪನ ಕೋಟಿನ ಮುಂದೆ ನಿಂತು ಅವತ್ತಿನ ಸುದ್ದಿಯೆಲ್ಲ ಹೇಳುತ್ತದೆ. ಯಾವ ಕೋಳಿ ಮೊಟ್ಟೆ ಇಟ್ಟಿತು, ಟೀಚರ್ ಯಾಕೆ ಬೈದರು, ಎಲ್ಲಾ. ಕೊನೆಗೆ ಕೋಟಿನ ತೋಳು ಹಿಡಿದು ತನ್ನ ತಲೆ ಮೇಲೆ ಇಟ್ಟುಕೊಳ್ಳುತ್ತದೆ.

ಪಂಡಿತರ ಮೌನದ ವ್ಯಾಖ್ಯಾನ ಅಲ್ಲಿಗೆ ನಿಂತೇ ಹೋಯಿತು. ಅತ್ತೆಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರುವುದಿಲ್ಲ, ಆದರೂ ಸೆರಗು ಕಣ್ಣಿಗೆ ಹೋಗಿತ್ತು. ಆಗಲೇ ಕಾಕಾರ ಫೋನು ಹೊಡೆದುಕೊಂಡಿತು. ಪಕ್ಕದ ವಿಲ್ಲಾದ ವಯಸ್ಸಾದ ಒಮಾನಿ ಬಾಬಾ, ಅಂಗಡಿ ಯಾಕೆ ತೆಗೆದಿಲ್ಲ ಅಂತ ಕೇಳಿದರು. ಕಾಕಾ ಬಿಕ್ಕುತ್ತಾ, "ನಾನು ಈ ಮೈಸೂರಿನವರ ಮನೆಯಲ್ಲಿದ್ದೇನೆ... ಇವತ್ತು ಅಂಗಡಿ ಇಲ್ಲ ಬಾಬಾ..." ಅಂತ ಹಿಂದಿಯಲ್ಲಿ ಹೇಳಿ ಇಟ್ಟುಬಿಟ್ಟರು.

ಸ್ವಲ್ಪ ಹೊತ್ತಿಗೆ ಬೆಲ್ಲು. ಬಾಗಿಲಲ್ಲಿ ಬಾಬಾ, ಇಸ್ತ್ರಿ ಮಾಡಿದ ಬಿಳೀ ದಿಶ್ದಾಶಾ ನಿಲುವಂಗಿಯಲ್ಲಿ. ಒಂದು ಕೈಯಲ್ಲಿ ಖರ್ಜೂರದ ತಟ್ಟೆ, ಇನ್ನೊಂದರಲ್ಲಿ ಕಹ್ವಾ ಕಾಫಿಯ ಫ್ಲಾಸ್ಕು. ಒಳಗೆ ನೋಡಿದರೆ ಎಲ್ಲರ ಕಣ್ಣೂ ಕೆಂಪು. ತಲೆ ತಗ್ಗಿಸಿ ಇವರ ಕೈ ಹಿಡಿದು, "ಕೌನ್ ಗಯಾ, ಭಾಯಿ?" ಅಂದರು.

"ಯಾರೂ ಹೋಗಿಲ್ಲ ಬಾಬಾ, ಸಿನಿಮಾ" ಅಂತ ಇವರು ಟಿವಿ ತೋರಿಸಿದರು.

ಬಾಬಾ ಟಿವಿ ನೋಡಿದರು, ನಮ್ಮನ್ನು ನೋಡಿದರು, ಖರ್ಜೂರ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, "ಯಲ್ಲಾ, ಹಾಗಾದರೆ ಮೊದಲಿಂದ ಹಾಕಿ" ಅಂದರು.

ಕಾರ್ಟನ್ ಎಲ್ಲಿ?

ಮೊದಲಿಂದ ಹಾಕಲಿಲ್ಲ, ಕಥೆ ಹೇಳಿ ಕೂರಿಸಿದೆವು. ಕೊನೆಗೂ ಅಪ್ಪ ಊರಿಗೆ ಬಂದ. ದೋಣಿಯಿಂದ ಇಳಿದ. ಕೈಯಲ್ಲಿ ಒಂದು ಸಣ್ಣ ಚೀಲ.

"ಎಂತದಿದು!" ಕಾಕಾ ಎದ್ದೇ ನಿಂತರು. "ವರ್ಷಗಟ್ಟಲೆ ದುಡಿದು ಊರಿಗೆ ಬರುವವನು ಕೈಚೀಲದಲ್ಲಿ ಬರುವುದಾ? ಕಾರ್ಟನ್ ಎಲ್ಲಿ? ಹಗ್ಗ ಎಲ್ಲಿ? ಹೆಸರು ಬರೆದದ್ದು ಎಲ್ಲಿ? ಒಂದು ಕಂಬಳಿ ಇಲ್ಲ, ಟಾರ್ಚ್ ಇಲ್ಲ, ಹಾಲಿನ ಪುಡಿ ಡಬ್ಬಿ ಇಲ್ಲ!"

"ಇರಿ ಕಾಕಾ, ಇದು ಕಲಾತ್ಮಕ ಸಿನಿಮಾ" ಅಂದರು ಪಂಡಿತರು.

"ಕಲೆ ಇರಲಿ ಮಾರಾಯ್ರೆ, ಭಾವಂದಿರಿಗೆ ಸೆಂಟ್ ಬೇಡ್ವಾ? ಇವನು ರಜೆಯಲ್ಲಿ ಬಂದದ್ದಲ್ಲ. ವೀಸಾ ಕೊಟ್ಟ ಕಫೀಲ್ ಹತ್ತಿರ ಜಗಳ ಮಾಡಿಕೊಂಡು ಓಡಿ ಬಂದದ್ದು. ಬರೆದಿಟ್ಟುಕೊಳ್ಳಿ!"

ಯಾವ ಶರ್ಟು?

ಅಪ್ಪ ಮನೆಗೆ ಬಂದು, ಚಳಿ ಅಂತ ಮೊಳೆಯಲ್ಲಿದ್ದ ಕೋಟಿಗೆ ಕೈ ಹಾಕಿದ. ಮಗು ಅಡ್ಡ ನಿಂತಿತು. ಅದು ನಮ್ಮಪ್ಪನದು, ನೀನು ಯಾರು, ಮುಟ್ಟಬೇಡ ಅಂದಿತು. ಆ ಮನುಷ್ಯ ಕೈ ಹಿಂದಕ್ಕೆ ತೆಗೆದುಕೊಂಡು ಚಳಿಯಲ್ಲೇ ಕೂತ. ಅಲ್ಲಿಗೆ ಸಿನಿಮಾ ಮುಗಿಯಿತು.

ಬಾಬಾ ಮೆಲ್ಲಗೆ ಹೇಳಿದರು: "ನಾನು ಚಿಕ್ಕವನಿದ್ದಾಗ ಇಲ್ಲಿ ಕೆಲಸ ಇರಲಿಲ್ಲ. ನಮ್ಮಪ್ಪ ಬಹ್ರೇನ್‌ಗೆ ಹೋಗಿದ್ದ. ತಿರುಗಿ ಬಂದಾಗ ನಾನು ಅವನನ್ನ ಚಿಕ್ಕಪ್ಪ ಅಂತ ಕರೆದೆ. ಅವನು ನಕ್ಕ. ಆದರೆ ಸಾಯೋವರೆಗೂ ಅದನ್ನ ಮರೆಯಲಿಲ್ಲ."

ಆಗ ನನ್ನ ಮಗಳು ಹೋಗಿ ಇವರ ಮಂಡಿ ಮೇಲೆ ಕೈಯಿಟ್ಟಳು. "ಅಪ್ಪಾ, ಮೈಸೂರಿಗೆ ಹೋಗುವಾಗ ವಿಚ್ ಶರ್ಟ್ ಕ್ಯಾನ್ ಐ ಟೇಕ್? ಬ್ಲೂ ಒನ್ ಕೊಡ್ತೀಯಾ? ಡೈಲಿ ಸ್ಕೂಲ್ ವಿಷಯ ಹೇಳ್ಬೇಕಲ್ಲ."

ಇವರು ಎದ್ದು ಬಚ್ಚಲಿಗೆ ಹೋದರು. ನಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದವರು ನೆಟ್ಟಗೆ ಅಕೌಂಟೆಂಟರ ಮುಂದೆ ನಿಂತರು.

"ಸಾರ್, ಏಳಿ. ಸೋಫಾ ಕೊಡಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅತ್ತೆಗೆ ಆಯಿತು. "ತಾಯಿ ಚಾಮುಂಡಿ!" ಅಂತ ಕೈ ಮುಗಿದರು. ಆಮೇಲೆ ನಾನು ಅತ್ತಿದ್ದಿದೆಯಲ್ಲ, ಸಿನಿಮಾದ ಅಳು ಅದರ ಮುಂದೆ ಏನೂ ಅಲ್ಲ.

"ಸಂತೋಷ ಸಾರ್, ಸಂತೋಷ" ಅಂದರು ಅಕೌಂಟೆಂಟರು, ಕಣ್ಣೊರೆಸಿಕೊಳ್ಳುತ್ತಾ. "ಆದರೆ ನಮ್ಮ ಹಳೇ ಸೋಫಾನ ನಿನ್ನೆಯೇ ಕಾಕಾಗೆ ಕೊಟ್ಟುಬಿಟ್ಟೆನಲ್ಲ!"

"ನನ್ನದನ್ನು ಬೆಳಿಗ್ಗೆಯೇ ಇಬ್ರಿ ಊರಲ್ಲಿರುವ ತಮ್ಮನಿಗೆ ಪಿಕಪ್‌ನಲ್ಲಿ ಕಳಿಸಿ ಆಯ್ತು ಮಾರಾಯ್ರೆ" ಅಂದರು ಕಾಕಾ. "ಅವನು ಈಗ ಅದರ ಮೇಲೆ ಮಲಗಿಯೂ ಆಗಿರಬಹುದು."

ಕೊನೆಗೆ ಸೋಫಾ

ಅಂತೂ ಇವರು ವಾದಿ ಕಬೀರ್‌ಗೆ ಹೋದದ್ದು ನಿಜ, ಆದರೆ ನಮ್ಮನ್ನೂ ಕರೆದುಕೊಂಡೇ ಹೋದರು. ಗ್ಯಾರೇಜ್ ಮೇಲೆ ಒಂದೇ ಬೆಡ್‌ರೂಮಿನ ಫ್ಲ್ಯಾಟು. ಮನೆ ಬದಲಿಸುವ ದಿನ ಗೊತ್ತಾಯಿತು, ಅಷ್ಟು ಹಟ ಮಾಡಿ ಉಳಿಸಿಕೊಂಡ ಸೋಫಾ ಆ ಮೆಟ್ಟಿಲಲ್ಲಿ ತಿರುಗುವುದೇ ಇಲ್ಲ. ಪಂಡಿತರು ಟೇಪು ಹಿಡಿದು ಅಳೆದು, "ಗೋಡೆ ಒಡೀಬೇಕು" ಅಂದರು. ಸಿವಿಲ್ ಎಂಜಿನಿಯರರ ಸಲಹೆ ಅಂದರೆ ಇಷ್ಟೇ. ಸೋಫಾ ಅಕೌಂಟೆಂಟರ ಮನೆಗೇ ಹೋಯಿತು. ಪಾಪ, ಅಲ್ಲಿಯವರೆಗೆ ಅವರ ಮನೆಮಂದಿಯೆಲ್ಲ ಚಾಪೆ ಮೇಲೆ ಕೂತಿದ್ದರು. ನಮ್ಮ ಮನೆಯಲ್ಲಿ ಈಗ ಚಾಪೆ, ಚಾಪೆ ಮೇಲೆ ಅಪ್ಪ, ಅಪ್ಪನ ಮೇಲೆ ಮಗಳು. ನೀಲಿ ಶರ್ಟು ಇವರ ಮೈಮೇಲೇ ಇದೆ.

ಎರಡು ದಿನಕ್ಕೆ ಅಕೌಂಟೆಂಟರ ಫೋನು.

"ಏನ್ ಮೇಡಂ ಇದು, ಎಡಗಡೆ ಕೂತ್ರೆ ಸ್ಪ್ರಿಂಗು ಚುಚ್ಚುತ್ತೆ ಕಣ್ರೀ!"

ನನಗೂ ರೇಗಿತು. "ಅಲ್ಲ ಸಾರ್, ಇವರು ಹೇಳೋಕೆ ಬಂದಾಗ 'ಶ್' ಅಂದಿದ್ದು ಯಾರು? ಅವತ್ತು ಇಡೀ ಸಿನಿಮಾ ಅದೇ ಜಾಗದಲ್ಲಿ ಕೂತು ನೋಡಿದ್ರಲ್ಲ, ಆಗ ಚುಚ್ಚಲಿಲ್ವಾ?"

ಆ ಕಡೆ ಸ್ವಲ್ಪ ಹೊತ್ತು ಪಂಡಿತರಿಗೆ ಇಷ್ಟವಾಗುವಂಥ ಮೌನ.

"ಚುಚ್ತು ಮೇಡಂ," ಅಂದರು. "ಆದರೆ ನಾನು ಅದು ಸಿನಿಮಾ ಅಂದ್ಕೊಂಡೆ."