ಮಗಳ ಪುಸ್ತಕಕ್ಕೆ ನಾನೇ ಗೇಜು

ಓದಿದವರಿಗೆ ಒಂದು ತೊಂದರೆಯಿದೆ. ಗೊತ್ತಿಲ್ಲದ ಕೆಲಸ ಎದುರಾದರೆ ಮೊದಲು ಪುಸ್ತಕ ಹುಡುಕುತ್ತಾರೆ. ಐದನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಆ ತೊಂದರೆಯಿಲ್ಲ. ನೇರವಾಗಿ ಕೆಲಸ ಶುರುಮಾಡುತ್ತೇನೆ. ಹಾಗೆ ಮಾಡಿಯೇ ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ಎರಡು ಲೇಥ್ ಮಶೀನುಗಳ ಸ್ವಂತ ವರ್ಕ್‌ಶಾಪ್ ಹಾಕಿದ್ದೇನೆ. ನಾನು ಮಾಡಿದ ಮಾಲು ಇದುವರೆಗೆ ವಾಪಸು ಬಂದಿಲ್ಲ. ಒಮ್ಮೆ ಬಂದಿತ್ತು, ಅದು ಗಿರಾಕಿಯ ಡ್ರಾಯಿಂಗಿನ ತಪ್ಪು. ನಾನು ಡ್ರಾಯಿಂಗನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ಅವನು ಈಗಲೂ ವಾದಿಸುತ್ತಾನೆ, ಇರಲಿ.

ಹೋದ ವರ್ಷ ಮಗಳು ನೀಲಾ ಜೋಕಾಲಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಆಪರೇಶನ್ ಆಯಿತು. ಒಂದು ವರ್ಷ ಶಾಲೆಯ ಮೆಟ್ಟಿಲು ಹತ್ತುವಂತಿಲ್ಲ ಎಂದರು ಡಾಕ್ಟರು. ಆಗ ಅವಳಿಗೆ ಆರನೆಯ ತರಗತಿ. ಶಾಲೆಯ ಹೆಡ್‌ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಒಳ್ಳೆಯವರು. "ಮನ್ಯಾಗ ಓದಸ್ರಿ. ನಿಮಗ ಬೇಕಾದ ಪುಸ್ತಕಾ ತಗೋರಿ. ಬರೋ ಜೂನದಾಗ ಒಂದು ಪರೀಕ್ಷಾ ಇಡತೀವಿ. ಪಾಸಾದ್ಲಂದ್ರ ಗೆಳತ್ಯಾರ ಜೋಡಿ ಏಳನೇತ್ತಕ್ಕ ಕುಂಡ್ರತಾಳ. ಇಲ್ಲಂದ್ರ ಆರನೇತ್ತ ಮತ್ತೊಮ್ಮೆ" ಎಂದರು. ಆಪರೇಶನ್ನಿಗೂ ಅಳದ ಹುಡುಗಿ ಆ 'ಮತ್ತೊಮ್ಮೆ'ಗೆ ಅತ್ತಳು.

ಹೆಂಡತಿ ಶೋಭಾ ಪಿಯುಸಿವರೆಗೆ ಓದಿದವಳು. "ಪುಸ್ತಕಾ ನಾ ಆರಸ್ತೀನ್ರಿ" ಎಂದಳು. ನಾನು ಬಿಡಲಿಲ್ಲ. "ಮಾಲು ಆರಸೂದು ನನ್ನ ಕಸಬು" ಎಂದೆ. ಹುಬ್ಬಳ್ಳಿಯ ಪರಿಚಯದ ಪುಸ್ತಕದಂಗಡಿಯವರು ಗಣಿತ, ವಿಜ್ಞಾನ, ಕನ್ನಡ, ಇತಿಹಾಸ, ಇಂಗ್ಲಿಷ್ ಒಂದೊಂದಕ್ಕೂ ಮೂರು ಮೂರು ತರಹದ ಪುಸ್ತಕ ಕಟ್ಟಿಕೊಟ್ಟು, "ಬ್ಯಾಡಾದ್ದು ವಾಪಸ್ ತರ್ರಿ" ಎಂದರು.

ಆರಿಸುವ ರೀತಿ ನನಗೆ ಹೊಳೆದದ್ದು ಸ್ಕೂಟರಿನ ಮೇಲೆ. ನಮ್ಮಲ್ಲಿ ಬುಷ್ ಎಂಬ ಲೋಹದ ಬಳೆಯ ತೂತು ಪರೀಕ್ಷಿಸಲು ಗೇಜ್ ಎಂಬ ಉಕ್ಕಿನ ಕಡ್ಡಿಯಿರುತ್ತದೆ. ಅದರ ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಹೋಗಲೇಬಾರದು. ಎರಡೂ ಹೋದರೆ ಮಾಲು ರಿಜೆಕ್ಟ್. ಪುಸ್ತಕಕ್ಕೂ ಅದೇ ಕಾಯಿದೆ ಮಾಡಿದೆ. ನೀಲಾ ಹೋಗುವ ತುದಿ, ನಾನು ಹೋಗಬಾರದ ತುದಿ. ಐದನೆಯದಕ್ಕೆ ಬಿಟ್ಟವನಿಗೂ ತಿಳಿದುಬಿಟ್ಟರೆ ಅದು ಆರನೆಯ ತರಗತಿಯ ಪುಸ್ತಕ ಹೇಗಾದೀತು? ಇಂಥ ಉಪಾಯ ಯಾವ ಮಾಸ್ತರರಿಗಾದರೂ ಹೊಳೆದಿದ್ದರೆ ತೋರಿಸಿ.

ನೀಲಾಳ ಮಂಚದ ಪಕ್ಕ ಕುರ್ಚಿ ಹಾಕಿ ಕುಳಿತೆ. ಅವಳು ಒಂದು ಪುಟ ಓದಿ "ತಿಳೀತಪ್ಪಾ" ಎಂದು ನನ್ನ ಕೈಗೆ ಕೊಡುವಳು. ನಾನು ಓದಿ "ನನಗೂ ತಿಳೀತು, ರಿಜೆಕ್ಟ್" ಎನ್ನುವೆ. ಭಿನ್ನರಾಶಿ? ತಿಳೀತು. ಶಾಸನದ ಪಾಠ? ತಿಳೀತು. ಎರಡು ಸಾಲು ಓದುವಷ್ಟರಲ್ಲಿ ಆಕಳಿಕೆ ಬರಿಸಿದ ಪದ್ಯ? ಅದೂ ತಿಳೀತು. ಮಗಳ ಎದುರು ಬೇರೆ ಏನು ಹೇಳಲಿ? ಬಾಗಿಲಲ್ಲಿ ಶೋಭಾ ಬೇರೆ ನಿಂತಿದ್ದಳು. ವಿಜ್ಞಾನದ ಪುಸ್ತಕವೊಂದರಲ್ಲಿ, ಸ್ಕ್ರೂ ಅಂದರೆ ಸುತ್ತಿಕೊಂಡ ಇಳಿಜಾರು ಎಂದು ಬರೆದಿತ್ತು. ಇಪ್ಪತ್ತೈದು ವರ್ಷ ಸ್ಕ್ರೂ ಕೊರೆದವನಿಗೇ ಪಾಠವೇ ಎಂದು ಅದನ್ನು ಎರಡು ಸಲ ರಿಜೆಕ್ಟ್ ಮಾಡಿದೆ.

ಹದಿನೈದೂ ಪುಸ್ತಕ ವಾಪಸು ಹೋದವು. ಬದಲಿಗೆ ಎಂಟನೆಯ, ಒಂಬತ್ತನೆಯ ತರಗತಿಯವು ಬಂದವು. ಅವನ್ನು ತೆರೆದ ಮೇಲೆ ನೀಲಾ "ತಿಳೀತು" ಅನ್ನುವುದನ್ನೇ ನಿಲ್ಲಿಸಿದಳು. ಒಂದು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ನಾನು ಮನೆಗೆ ಬಂದಾಗ ಅವಳು ಪುಸ್ತಕ ಮುಚ್ಚಿಟ್ಟು ಗೋಡೆಯ ಕಡೆ ಮುಖ ಮಾಡಿದ್ದಳು. "ಅಪ್ಪಾ, ನಾ ಆರನೇತ್ತ ಮತ್ತೊಮ್ಮೆ ಕುಂಡ್ರತೀನಿ ತಗೋ" ಎಂದಳು. ನಾನು ಕುರ್ಚಿ ಎಳೆದು ಕುಳಿತೆ.

ನನ್ನ ಕಡೆ ತಿರುಗಿ ಅವಳೇ ಕೇಳಿದಳು: "ಅಪ್ಪಾ, ಗೇಜ್ ಸವದ್ರ ಏನಾಗತೈತಿ?"

ಕಸಬಿನ ಮಾತು ಬಂದರೆ ನನಗೆ ಹುರುಪು. "ಹೋಗಬಾರದ ತುದಿ ಸವದು ಸಣ್ಣದಾತಂದ್ರ, ಅದು ಛಲೋ ಮಾಲಿನಾಗೂ ಹೋಗತೈತಿ. ಛಲೋ ಮಾಲೆಲ್ಲಾ ಸುಮ್‌ಸುಮ್ಮನ ರಿಜೆಕ್ಟ್ ಆಗ..."

ಬಾಗಿಲಲ್ಲಿದ್ದ ಶೋಭಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಿಂದ ನಗು ಕೇಳಿಸಿತು. "ಸವದಿಲ್ರಿ ಅದು, ಸೊಕ್ಕಿಗೆ ಎಲ್ಲಾ ಕಡೆ ತೂರತೈತಿ!"

ಮರುದಿನವೇ ಮೊದಲಿನ ಹದಿನೈದನ್ನೂ ಮತ್ತೆ ಹೊತ್ತು ತಂದೆ. ಅಂಗಡಿಯವರು ಚಹಾ ತರಿಸಿದರು. ಅದೇ ಕುರ್ಚಿ, ಅದೇ ಪುಟ. ಭಿನ್ನರಾಶಿ ನೋಡಿ, ಜನ್ಮದಲ್ಲಿ ಮೊದಲ ಸಲ ಹೆಂಡತಿ ಮಗಳೆದುರು "ತಿಳೀವಲ್ದು" ಎಂದೆ. ನೀಲಾ "ಪಾಸ್!" ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ನನಗೂ ರುಚಿ ಹತ್ತಿತು. ಇದೂ ತಿಳೀವಲ್ದು, ಅದೂ ತಿಳೀವಲ್ದು ಎಂದು ಎದೆ ಉಬ್ಬಿಸಿ ಹೇಳಿ ನಾಲ್ಕು ವಿಷಯಕ್ಕೆ ಒಂದೊಂದು ಪುಸ್ತಕ ಆರಿಸಿದೆ. ವಿಜ್ಞಾನಕ್ಕೆ ಮಾತ್ರ, ನಾನು 'ತಿಳೀವಲ್ದು' ಎನ್ನಲಾರದ ಆ ಸ್ಕ್ರೂ ಪುಸ್ತಕವನ್ನು ಶೋಭಾ ತನ್ನ ಜವಾಬ್ದಾರಿಯ ಮೇಲೆ ಇಟ್ಟುಕೊಂಡಳು. ಅದೇ ಎಲ್ಲದಕ್ಕಿಂತ ಒಳ್ಳೆಯದಂತೆ.

ಈ ಜೂನಿನಲ್ಲಿ ನೀಲಾ ಪಾಸಾಗಿ, ಸ್ವಲ್ಪ ಕುಂಟುತ್ತ, ಏಳನೆಯ ತರಗತಿಗೆ ಹೋದಳು. ಆರಿಸಿದವನು ಯಾರು ಎಂದು ನಾನೇನೂ ಹೇಳಿಕೊಂಡು ತಿರುಗುವುದಿಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಆದರೆ ವರ್ಷವಿಡೀ ಪಕ್ಕದಲ್ಲಿ ಕುಳಿತು ಕೇಳಿದ್ದಕ್ಕೋ ಏನೋ, ಮೊನ್ನೆ ಅವಳ ಲೆಕ್ಕ ನೋಡುತ್ತಿದ್ದಂತೆ ಭಿನ್ನರಾಶಿ ನನಗೆ ನಿಜವಾಗಿಯೂ ತಿಳಿಯಿತು. ಸಂತೋಷ ತಡೆಯಲಾರದೆ "ತಿಳೀತು!" ಎಂದು ಕೂಗಿದೆ.

ಶೋಭಾ ಒಳಗಿನಿಂದಲೇ ಕೇಳಿದಳು: "ಹೌದಾ? ಬಿಡಿಸಿ ತೋರಸ್ರಿ ನೋಡೂನು."

ನೀಲಾ ಆಗಲೇ ಪೆನ್ಸಿಲ್ ಚಾಚಿ ಕುಳಿತಿದ್ದಳು.